ಕಾಂಡ್ಲದ ನೀರಿಗೆ ಬಿದ್ದ ಉಗುಳು

ಆ ಡಿಸೆಂಬರಿನಲ್ಲಿ ನನ್ನ ಗಂಡನ ಅಣ್ಣ ಮೈಸೂರಿನಿಂದ ಸಂಸಾರ ಸಮೇತ ಬಂದರು. ನಮ್ಮನ್ನು ನೋಡುವುದಕ್ಕಿಂತ ಹೆಚ್ಚಾಗಿ ಅಬುಧಾಬಿಯ ಥೀಮ್ ಪಾರ್ಕುಗಳನ್ನು ನೋಡಲು ಬಂದವರು. ಅವರ ಹದಿಮೂರು ವರ್ಷದ ಮಗ ರೋಲರ್ ಕೋಸ್ಟರ್‌ಗಳ ವಿಡಿಯೊ ನೋಡಿ ನೋಡಿ ಒಂದು ವರ್ಷದಿಂದ ಅಪ್ಪ ಅಮ್ಮನ ತಲೆ ತಿಂದಿದ್ದನಂತೆ. ಅದೇ ಊರಿನ ಖಾಲಿದಿಯಾ ಬಡಾವಣೆಯ ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಆರು ಜನ ಹಿಡಿಸುವುದಿಲ್ಲವೆಂದು ಪಾರ್ಕುಗಳ ಪಕ್ಕದ ಹೋಟೆಲಿನಲ್ಲೇ ಎರಡು ರೂಮು ಹಿಡಿದೆವು. ನಾನೂ ನನ್ನ ಗಂಡನೂ ರಜೆ ಹಾಕಿ, ಹತ್ತು ವರ್ಷದ ಮಗಳನ್ನು ಕರೆದುಕೊಂಡು ಅವರ ಜೊತೆ ಉಳಿದೆವು.

ಎರಡು ದಿನ ಪಾರ್ಕುಗಳಲ್ಲೇ ಕಳೆಯಿತು. ಒಂದೇ ಬಕೆಟ್ಟಿನ ಪಾಪ್‌ಕಾರ್ನ್‌ಗೆ ಆರು ಜನರೂ ಕೈ ಹಾಕಿ ತಿಂದೆವು. ಕ್ಯೂನಲ್ಲಿ ನಿಂತಾಗಲೆಲ್ಲ ಭಾವ ಐದು ಹತ್ತು ನಿಮಿಷಕ್ಕೊಮ್ಮೆ ಟಾಯ್ಲೆಟ್ಟಿಗೆ ಹೋಗಿ ಬರುತ್ತಿದ್ದರು. ಸಕ್ಕರೆ ಕಾಯಿಲೆ ಇರಬೇಕು ಎಂದುಕೊಂಡೆ. ಕೇಳಲಿಲ್ಲ.

ಮೂರನೆಯ ದಿನ ಪಾರ್ಕಿನ ಗದ್ದಲದಿಂದ ಎಲ್ಲರಿಗೂ ತಲೆ ಹಿಡಿದಿತ್ತು. ಹೊರಗೆ ಎಲ್ಲಾದರೂ ಹೋಗೋಣವೆಂದು ಓರಗಿತ್ತಿ ಹೇಳಿದಾಗ ನಾನೇ ಮ್ಯಾಂಗ್ರೋವ್ ತೋರಿಸುತ್ತೇನೆ ಎಂದೆ. ನಮ್ಮ ಕುಂದಾಪುರದ ಕಡೆ ಅದಕ್ಕೆ ಕಾಂಡ್ಲ ಎನ್ನುತ್ತಾರೆ. ಹೊಳೆ ಸಮುದ್ರ ಸೇರುವ ಕಡೆ ಕೆಸರಿನಲ್ಲಿ ಬೇರು ಎತ್ತಿ ನಿಲ್ಲುವ ಗಿಡ. ಮರಳಿನ ಈ ದೇಶಕ್ಕೆ ಬಂದ ಹೊಸದರಲ್ಲಿ ಅದನ್ನು ಇಲ್ಲಿಯೂ ಕಂಡು ನಾನು ಪಟ್ಟ ಸಂತೋಷ ಅಷ್ಟಿಷ್ಟಲ್ಲ. ಚಳಿಗಾಲದ ರಜಾದಿನಗಳಲ್ಲಿ ಒಬ್ಬಳೇ ಹೋಗಿ ಕಯಾಕ್ ಬಾಡಿಗೆಗೆ ತೆಗೆದುಕೊಂಡು ಒಂದು ಗಂಟೆ ಸುಮ್ಮನೆ ತೇಲಿ ಬರುವುದು ನನಗೆ ರೂಢಿ. ನನ್ನ ಮನೆಯ ದೇವರ ಕೋಣೆ ತೋರಿಸುವ ಹಾಗೆ ಅದನ್ನು ಅವರಿಗೆ ತೋರಿಸಬೇಕೆಂದಿದ್ದೆ.

ಇಬ್ಬರು ಕೂರುವ ಮೂರು ಕಯಾಕ್ ಕೊಟ್ಟರು. ಓರಗಿತ್ತಿ ಮಗನ ಜೊತೆ ಕೂತರು, ನನ್ನ ಗಂಡ ಮಗಳ ಜೊತೆ. ಹುಟ್ಟು ಹಾಕಿ ಗೊತ್ತಿದ್ದವಳು ನಾನೊಬ್ಬಳೇ. ಎಲ್ಲರಿಗಿಂತ ಭಾರವಿದ್ದವರು ಭಾವ. ಹಾಗಾಗಿ ಅವರು ನನ್ನ ಪಾಲಿಗೆ ಬಂದರು. ಅವರು ಮುಂದೆ, ನಾನು ಹಿಂದೆ. ದಾರಿ ತೋರಿಸುವ ಹುಡುಗಿ ತನ್ನ ಪುಟ್ಟ ದೋಣಿಯಲ್ಲಿ ಎಲ್ಲರಿಗಿಂತ ಮುಂದಿದ್ದಳು.

ಗಿಡಗಳ ನಡುವಿನ ಕಾಲುವೆ ಹೊಕ್ಕ ಮೇಲೆ ಭಾವ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಚಡ್ಡಿಯ ಜೇಬಿನಿಂದ ಒಂದು ಪ್ಯಾಕೆಟ್ ತೆಗೆದರು. ಹಲ್ಲಿನಿಂದ ಹರಿದು, ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಸುರಿದುಕೊಂಡರು. ಆ ವಾಸನೆ ನನಗೆ ಗೊತ್ತು. ತಂಬಾಕು ಬೆರೆಸಿದ ಅಡಿಕೆ ಪುಡಿ. ಪಾರ್ಕಿನಲ್ಲಿ ಟಾಯ್ಲೆಟ್ಟಿಗೆ ಓಡುತ್ತಿದ್ದದ್ದು ಇದಕ್ಕೇ. ಈ ದೇಶಕ್ಕೆ ಅದನ್ನು ತರುವುದೇ ತಪ್ಪು. ಚಟ್ನಿಪುಡಿಯ ಡಬ್ಬದೊಳಗೆ ಇಟ್ಟು ತಂದೆ ಎಂದು ಅವರೇ ಆಮೇಲೆ ಜಂಬದಿಂದ ಹೇಳಿದರು. ಖಾಲಿ ಪ್ಯಾಕೆಟ್ಟನ್ನು ನೀರಿಗೆ ಬಿಟ್ಟರು. ನಾನು ಹುಟ್ಟಿನಿಂದ ಅದನ್ನು ಎಳೆದುಕೊಂಡು ಲೈಫ್ ಜಾಕೆಟ್ಟಿನ ಒಳಗೆ ತುರುಕಿದೆ. ಅವರು ತಿರುಗಿ ನೋಡಲಿಲ್ಲ.

ಐದು ನಿಮಿಷದ ನಂತರ ಅವರು ಎಡಕ್ಕೆ ಬಾಗಿ ಪಿಚಕ್ಕೆಂದು ಉಗುಳಿದರು. ಗಾಳಿ ಎದುರಿನಿಂದ ಬೀಸುತ್ತಿತ್ತು. ಅರ್ಧ ನೀರಿಗೆ ಬಿತ್ತು, ಇನ್ನರ್ಧ ನನ್ನ ಮೇಲೆ. ಮೊಣಕೈ, ಬಿಳಿ ಅಂಗಿಯ ತೋಳು, ಗಲ್ಲ. ಬೆಚ್ಚಗಿತ್ತು. ಅದು ಬೆಚ್ಚಗಿದ್ದದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನ ಬೆಳಗಾದರೆ ಜನರ ಕಫ, ಮೂತ್ರ, ಮಲ ನನ್ನ ಮೇಜಿನ ಮೇಲೆ ಡಬ್ಬಿಗಳಲ್ಲಿ ಸಾಲಾಗಿ ಕೂತಿರುತ್ತವೆ. ಅವುಗಳ ಬಗ್ಗೆ ನನಗೆ ಯಾವತ್ತೂ ಹೇಸಿಗೆ ಅನಿಸಿದ್ದಿಲ್ಲ. ಆದರೆ ಆಗ ಉಪ್ಪುನೀರಿನಲ್ಲಿ ಕೈ, ಮುಖ ಉಜ್ಜಿ ಉಜ್ಜಿ ತೊಳೆದೆ. ಕಾಂಡ್ಲದ ಕೆಸರಿನಿಂದ ಕಡ್ಡಿಗಳಂತೆ ಎದ್ದು ನಿಂತಿದ್ದ ಉಸಿರು ಬೇರುಗಳ ಮೇಲೆ ಕೆಂಪು ರಸ ಇಳಿಯುತ್ತಿತ್ತು. ಒಂದು ಸಣ್ಣ ಏಡಿ ಅದರ ಹತ್ತಿರ ಬಂದು, ನಿಂತು, ವಾಪಸು ಹೋಯಿತು.

“ಭಾವ, ಉಗುಳ್ಬೇಡಿ. ನನ್ನ ಮೇಲೆ ಬೀಳ್ತದೆ” ಎಂದೆ.

ಅವರು ನಕ್ಕರು. “ಏನಮ್ಮ, ಲ್ಯಾಬಲ್ಲಿ ದಿನಾ ಇದನ್ನೇ ತಾನೆ ನೋಡೋದು ನೀನು? ನಿಂಗೂ ಅಸಹ್ಯಾನಾ?”

ಹೇಳಿ ಮುಗಿಸಿ ಇನ್ನೊಮ್ಮೆ ಉಗುಳಿದರು. ಈ ಸಲ ಬಲಕ್ಕೆ. ನಾನು ಹುಟ್ಟು ಹಾಕುವುದನ್ನು ನಿಲ್ಲಿಸಿಬಿಟ್ಟೆ. ಕಯಾಕ್ ಅಡ್ಡ ತಿರುಗಿ ಬೇರುಗಳಿಗೆ ಸಿಕ್ಕಿಕೊಂಡಿತು. ಅವರು ಯಾಕೆ ಎಂದು ಕೇಳಿದರು, ನಾನು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡೆ. ಮುಂದೆ ಹೋಗಿದ್ದ ಗೈಡ್ ಹುಡುಗಿ ನಮ್ಮನ್ನು ಬಿಡಿಸಲು ಹಿಂದಿರುಗಿದಳು. ಅವಳ ಹಿಂದೆಯೇ ನನ್ನ ಗಂಡ, ಮಗಳು. ಮಗಳು ನನ್ನ ತೋಳು ನೋಡಿ ಹೆದರಿ, “ಮಮ್ಮಾ, ಆರ್ ಯೂ ಬ್ಲೀಡಿಂಗ್?” ಎಂದಳು.

“ಇಲ್ಲ, ದಾಳಿಂಬೆ ಜ್ಯೂಸ್” ಎಂದುಬಿಟ್ಟೆ.

ಗೈಡ್ ಹುಡುಗಿ ಬೇರಿನ ಮೇಲಿದ್ದ ಕೆಂಪನ್ನೂ ಭಾವನ ಉಬ್ಬಿದ ಕೆನ್ನೆಯನ್ನೂ ನೋಡಿದಳು. ನಮ್ಮ ದೋಣಿಯನ್ನು ಎಳೆದು ಕಾಲುವೆಗೆ ತಂದಳು. ಆ ನೋಟಕ್ಕೆ ನನ್ನ ಕಿವಿ ಬಿಸಿಯಾಯಿತು. ನನ್ನ ಗಂಡನಿಗೂ ಎಲ್ಲ ಗೊತ್ತಾಗಿತ್ತು. ಅವರು ಅಣ್ಣನ ಮುಖ ನೋಡದೆ, ನನ್ನ ಮುಖವನ್ನೂ ನೋಡದೆ, ಆ ಕಡೆ ಕೂತಿದ್ದ ಕೊಕ್ಕರೆಯನ್ನು ಮಗಳಿಗೆ ತೋರಿಸುತ್ತ ಕೂತರು. ಉಗುಳಿದವರಿಗಿಂತ ಆ ಕೊಕ್ಕರೆ ತೋರಿಸುತ್ತಿದ್ದವರ ಮೇಲೆ ನನಗೆ ಹೆಚ್ಚು ಅಸಹ್ಯವಾಯಿತು. ಸುಳ್ಳು ಹೇಳಿದ ನನ್ನ ಮೇಲೆ ಇನ್ನೂ ಹೆಚ್ಚು.

ಹೋಟೆಲಿಗೆ ಬಂದು ಸ್ನಾನ ಮಾಡಿ ಅಂಗಿಗೆ ಸೋಪು ಹಚ್ಚಲು ಹೊರಟಾಗ ಓರಗಿತ್ತಿ ನಮ್ಮ ರೂಮಿಗೆ ಬಂದರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಕೆಳಗಿನ ರೆಸ್ಟೊರೆಂಟಿನಿಂದ ಎರಡು ನಿಂಬೆಹಣ್ಣು ಕೇಳಿ ತಂದಿದ್ದರು.

“ಮೊದಲೇ ಸೋಪು ತಾಗಿಸ್ಬೇಡ ಕಣೆ. ಕಲೆ ಕೂತ್ಬಿಡುತ್ತೆ” ಎಂದು ಅಂಗಿಯನ್ನು ನನ್ನ ಕೈಯಿಂದ ತೆಗೆದುಕೊಂಡರು.

ಬೇಸಿನ್ನಿನಲ್ಲಿ ನಿಂಬೆರಸ ಹಿಂಡಿ, ಬೆರಳ ತುದಿಯಿಂದ ಒಂದೊಂದೇ ಕಲೆಯನ್ನು ಉಜ್ಜುತ್ತ ಹೋದರು. ಆ ಕೆಲಸ ಅವರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಮಾತಾಡುವಾಗ ಅಂಗಿಯ ಕಡೆ ನೋಡಬೇಕಾಗಿಯೇ ಇರಲಿಲ್ಲ. ಮನೆಯಲ್ಲಿ ದಿಂಬಿನ ಕವರು, ಟವೆಲ್ಲು, ಕಾರಿನ ಬಾಗಿಲು, ತುಳಸಿಕಟ್ಟೆಯ ಪಕ್ಕದ ಗೋಡೆ, ಎಲ್ಲ ಕಡೆ ಇದೇ ಎಂದರು. ಈಗೀಗ ಭಾವನಿಗೆ ಖಾರ ತಾಗಿದರೆ ಬಾಯಿ ಉರಿಯುತ್ತದಂತೆ. ಊಟಕ್ಕೆ ಮೊಸರನ್ನ ಬಿಟ್ಟು ಬೇರೇನೂ ಸೇರುವುದಿಲ್ಲ, ದೊಡ್ಡ ಚಮಚ ಬಾಯೊಳಗೆ ಹೋಗುವುದಿಲ್ಲ, ಆಕಳಿಸುವುದಕ್ಕೂ ಕಷ್ಟ. ಹುಣ್ಣಾಗಿರಬೇಕೆಂದು ಮೆಡಿಕಲ್ ಶಾಪಿನಿಂದ ಮುಲಾಮು ತಂದು ಹಚ್ಚುತ್ತಿದ್ದಾರಂತೆ.

ಹಾಗೆ ಬಾಯಿ ಬಿಗಿದುಕೊಳ್ಳುವುದು ಎಂದರೇನು, ಅದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂದು ಲ್ಯಾಬಿನವಳಾದ ನನಗೆ ಗೊತ್ತು. ಆದರೂ ಸತ್ಯ ಹೇಳಬೇಕು. ಆ ಕ್ಷಣ ನನಗೆ ಮೊದಲು ಬಂದದ್ದು ಕನಿಕರವಲ್ಲ. ಎರಡು ದಿನದಿಂದ ಅವರು ಕೈ ಹಾಕಿದ ಬಕೆಟ್ಟಿನ ಪಾಪ್‌ಕಾರ್ನನ್ನು ನಾನೂ ತಿಂದೆನಲ್ಲ ಎಂಬ ಹೇವರಿಕೆ.

ಮರುದಿನ ದುಬೈಗೆ ಹೋಗುವುದೆಂದು ಮೊದಲೇ ತೀರ್ಮಾನವಾಗಿತ್ತು. ರಾಸ್ ಅಲ್ ಖೋರ್ ಪಕ್ಷಿಧಾಮದಲ್ಲಿ ಗುಲಾಬಿ ರಾಜಹಂಸಗಳನ್ನು ನೋಡಿ, ಸಂಜೆಗೆ ಹೋಟೆಲಿಗೆ ವಾಪಸು. ಹಕ್ಕಿ ನೋಡಲೆಂದೇ ನೀರಿನ ಅಂಚಿನಲ್ಲಿ ಕಟ್ಟಿದ ಮರದ ಕೋಣೆಯೊಳಗೆ ಮಕ್ಕಳಿಬ್ಬರೂ ದುರ್ಬೀನಿಗಾಗಿ ಜಗಳವಾಡಿದರು. ಆಳವಿಲ್ಲದ ನೀರಿನಲ್ಲಿ ನೂರಾರು ಹಕ್ಕಿಗಳು ತಲೆ ಕೆಳಗೆ ಮಾಡಿ ಕೆಸರು ಸೋಸುತ್ತಿದ್ದವು. ಅವುಗಳ ಹಿಂದೆ ಹೆದ್ದಾರಿ, ಅದರ ಹಿಂದೆ ಕಟ್ಟಡಗಳು. ಹಿಕ್ಕೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಭಾವ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು, ಎಂಥ ಗಲೀಜು ಜಾಗಕ್ಕೆ ಕರೆದುಕೊಂಡು ಬಂದಿರಿ ಎಂದು ತಮ್ಮನ ಮೇಲೆ ಗೊಣಗಿ ಹೊರಗೆ ಹೋದರು. ಒಂದು ನಿಮಿಷ ಬಿಟ್ಟು ನಾನೂ ಹೋದೆ.

ಅವರು ಕಾರಿನ ಮರೆಯಲ್ಲಿ ನಿಂತು ಜೇಬಿಗೆ ಕೈ ಹಾಕುತ್ತಿದ್ದರು. ನಾನು ಮೊಬೈಲಿನ ಟಾರ್ಚ್ ಹೊತ್ತಿಸಿ ಹತ್ತಿರ ಹೋದೆ.

“ಬಾಯಿ ತೆಗೀರಿ ಭಾವ. ಒಮ್ಮೆ ನೋಡ್ತೇನೆ.”

ತಮಾಷೆ ಎಂದುಕೊಂಡು ತೆಗೆದರು. ಹಲ್ಲುಗಳ ನಡುವೆ ಎರಡು ಬೆರಳು ಹಿಡಿಸುವಷ್ಟೂ ಜಾಗವಿರಲಿಲ್ಲ. ಕೆನ್ನೆಯ ಒಳಭಾಗ ಕೆಂಪಗಿರಬೇಕಾದ ಕಡೆ ಬೇಯಿಸಿದ ಮೀನಿನ ಹಾಗೆ ಬಿಳಿಚಿಕೊಂಡಿತ್ತು. ಕೊಳೆತ ವಾಸನೆ ಬಂತು. ಹಿಂದೆ ಸರಿಯದೆ ನಿಲ್ಲಲು ನಾನು ಉಸಿರು ಬಿಗಿ ಹಿಡಿಯಬೇಕಾಯಿತು. ನಾನು ಡಾಕ್ಟರಲ್ಲ, ಆದರೆ ಊರಿಗೆ ಹೋದ ಕೂಡಲೇ ಇದನ್ನು ತೋರಿಸಿ, ಚೂರು ತೆಗೆದು ಪರೀಕ್ಷೆ ಮಾಡಿಸಬೇಕು, ಇದು ಮುಲಾಮಿನಿಂದ ಹೋಗುವಂಥದ್ದಲ್ಲ ಎಂದೆ. ಅವರ ನಗು ಹೋಯಿತು. ಜೇಬಿನಿಂದ ಕೈ ಹೊರಗೆ ತೆಗೆದು ಸಿಟ್ಟಿನಿಂದಲೇ ಅಂದರು:

“ನನ್ನ ಕಂಡ್ರೆ ನಿಂಗೆ ಅಸಹ್ಯ. ಅದಕ್ಕೆ ಹೀಗೆ ಹೆದರಿಸ್ತಿದೀಯ.”

“ಹೌದು ಭಾವ, ಅಸಹ್ಯವೇ. ಹೆದರಿಸ್ಲಿಕ್ಕೆ ಹೇಳಿದ್ದಲ್ಲ.”

ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಅವರಿಗೆ ನಾನು ಆಡಿದ ಮೊದಲ ಎದುರು ಮಾತು ಅದು. ಅಬುಧಾಬಿಗೆ ವಾಪಸಾದ ಮೇಲೆ ಅವರು ಎರಡು ದಿನ ಪಾರ್ಕಿನ ಬೆಂಚುಗಳ ಮೇಲೆ ಎಲ್ಲರ ಬ್ಯಾಗು ಕಾಯುತ್ತ ಕೂತರು. ನನ್ನ ಗಂಡ ರೂಮಿನಲ್ಲಿ ನನಗೆ, ದೊಡ್ಡವರಿಗೆ ಹಾಗೆ ಹೇಳಬಾರದಿತ್ತು ಎಂದರು. ಕಯಾಕಿನಲ್ಲಿ ನೀವು ಹೇಳಿದ್ದರೆ ನಾನು ಹೇಳಬೇಕಾಗಿರಲಿಲ್ಲ ಎಂದೆ.

ಮೈಸೂರಿಗೆ ಹೋದ ಮೇಲೆ ಅಕ್ಕನ ಒತ್ತಾಯಕ್ಕೆ ಭಾವ ಡಾಕ್ಟರಿಗೆ ತೋರಿಸಿದರು. ಕ್ಯಾನ್ಸರ್ ಆಗಿರಲಿಲ್ಲ. ಹಾಗೇ ಬಿಟ್ಟಿದ್ದರೆ ಆಗಲೂಬಹುದಿತ್ತು ಎಂದರಂತೆ. ಕೆನ್ನೆಯೊಳಗೆ ವಾರ ವಾರ ಇಂಜೆಕ್ಷನ್ ನಡೆಯಿತು. ಪ್ಯಾಕೆಟ್ ಬಿಟ್ಟಿದ್ದಾರಾ ಎಂದು ಕೇಳಿದರೆ, “ಬಿಟ್ಟ ಹಾಗೇನೇ” ಎನ್ನುತ್ತಾರೆ ಅಕ್ಕ. ಆ ‘ಹಾಗೇನೇ’ಯನ್ನು ನಾನು ಹೆಚ್ಚು ಕೆದಕುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಮೈಸೂರಿಗೆ ಹೋದಾಗ ಅವರು ನನ್ನೊಡನೆ ಮೊದಲ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಊಟವಾದ ಮೇಲೆ ನಡುಮನೆಗೆ ಕರೆದರು. ಬಾಯಿ ಅಗಲವಾಗಲು ಡಾಕ್ಟರು ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳಲು ಹೇಳಿದ್ದರಂತೆ. ಕಡ್ಡಿಗಳ ಕಟ್ಟನ್ನು ಬಾಯಿಗಿಟ್ಟುಕೊಂಡು, ಕೈಬೆರಳಿನಿಂದ ಎಣಿಸು ಎಂದು ಸನ್ನೆ ಮಾಡಿದರು. ಎಣಿಸಿದೆ. ಹದಿನೇಳು. ಚೆನ್ನಾಗಿದೆ ಭಾವ, ಇನ್ನೂ ಎರಡು ಸೇರಿಸಿ ಎಂದೆ. ಕಡ್ಡಿಗಳ ತುದಿಯಿಂದ ಜೊಲ್ಲು ಇಳಿದು ಅವರ ಬನಿಯನ್ನಿನ ಮೇಲೆ ಬಿತ್ತು. ನಾನು ಅವರನ್ನು ಮುಟ್ಟಿರಲಿಲ್ಲ. ಆದರೂ ಒಳಗೆ ಹೋಗಿ ಎರಡೆರಡು ಸಲ ಕೈ ತೊಳೆದುಕೊಂಡೆ.