ಗೋಡೆ ಮುಚ್ಚುವ ಮೊದಲು

ನಮ್ಮ ಯಜಮಾನರು ಪ್ಲಂಬರ್. ಯಾರ ಮನೆಯಲ್ಲಿ ಪೈಪ್ ಹಾಕಿದರೂ, ಗೋಡೆಗೆ ಸಿಮೆಂಟ್ ಮೆತ್ತುವ ಮೊದಲು ಆ ಮನೆಯವರನ್ನು ಕರೆದು ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದರು. ಒಂದೊಂದು ಫಿಟ್ಟಿಂಗನ್ನೂ ಅಂಗೈಯಲ್ಲಿಟ್ಟು, "ಇದೇನು, ಹೇಳಿ" ಅನ್ನುವರು. ಪೈಪು ತಿರುಗುವ ಮೂಲೆಗೆ ಎಲ್ಬೋ. ಒಂದು ಪೈಪು ಎರಡಾಗಿ ಕವಲೊಡೆಯುವಲ್ಲಿ ಟೀ. ದಪ್ಪ ಪೈಪಿಗೆ ಸಣ್ಣದನ್ನು ಸೇರಿಸಲು ರೆಡ್ಯೂಸರ್. ನೇರಕ್ಕೆ ಎರಡು ತುಂಡು ಜೋಡಿಸಲು ಕಪ್ಲಿಂಗ್. ತಪ್ಪು ಹೇಳಿದರೆ ಅಲ್ಲವೆಂದು ತಲೆಯಾಡಿಸಿ ಅದನ್ನೇ ಮತ್ತೆ ಕೈಗಿಡುವರು. ಎಲ್ಲ ಸರಿಯಾಗುವ ತನಕ ಗೋಡೆ ಮುಚ್ಚುತ್ತಿರಲಿಲ್ಲ, ಆ ಮನೆಯಾಕೆ ಒಲೆಯ ಮೇಲೆ ಹಾಲಿಟ್ಟು ಬಂದಿದ್ದರೂ ಅಷ್ಟೇ.

"ನಾಳೆ ನಾನು ಸಿಗಲಿಲ್ಲ, ನೀರು ಸೋರ್ತಾ ಇದೆ ಅಂತ ಇಟ್ಕೊಳ್ಳಿ. ಬೇರೆಯವನಿಗೆ ಫೋನಲ್ಲಿ ಏನಂತೀರ? ಅದು, ಇದು ಅಂತೀರಾ?"

ಬೀದಿಯವರೆಲ್ಲ ಪೈಪ್ ಮೇಷ್ಟ್ರು ಅಂತ ಆಡಿಕೊಳ್ಳುತ್ತಿದ್ದರು. ಊಟದ ಡಬ್ಬಿ ಕೊಡಲು ಹೋದಾಗ ನಾನೂ ಈ ಪಾಠ ನೋಡಿದ್ದೇನೆ. ಸಾಮಾನೆಲ್ಲ ಚೀಲಕ್ಕೆ ತುಂಬಿ, ಸಿಮೆಂಟ್ ಕಲಸಿಟ್ಟು, ಹೊರಡುವ ಮುಂಚೆ ಮಾಡುತ್ತಿದ್ದ ಕೊನೆಯ ಕೆಲಸ ಅದು.

ನನಗೆ ಮಾತ್ರ ಒಂದನ್ನೂ ಕಲಿಸಲಿಲ್ಲ. ಮಂಚದ ಕೆಳಗಿನ ಆ ಚೀಲಕ್ಕೆ ಕಾಲು ಎಡವಿದಾಗಲೆಲ್ಲ "ನಿಮ್ಮ ಹಾಳು ಕಬ್ಬಿಣ" ಅಂತ ಬೈದಿದ್ದೇ ನನ್ನ ವಿದ್ಯೆ. ಒಮ್ಮೆ ನನಗೂ ಕಲಿಸಿ ಅಂತ ಕೇಳಿದ್ದಕ್ಕೆ, "ನಿಂಗ್ಯಾಕೆ ಅದೆಲ್ಲ? ನಾನಿದ್ದೀನಲ್ಲ" ಅಂದಿದ್ದರು. ಮೇಲೆ ಮುಖ ಗಂಟಿಕ್ಕಿಕೊಂಡರೂ ನನಗೆ ಒಳಗೊಳಗೇ ಖುಷಿಯಾಗಿತ್ತು.

ಆಮೇಲೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಗುರುತು ಹಿಡಿಯುತ್ತಾರೋ ನೋಡಲು ಆಸ್ಪತ್ರೆಯಲ್ಲಿ ಡಾಕ್ಟರು ಕೊಡೆ, ಲೋಟ, ಬೆಕ್ಕಿನ ಚಿತ್ರ ತೋರಿಸಿದರು. ಇವರು ಗೋಡೆ ನೋಡುತ್ತಾ ಕೂತರು. ಮನೆಗೆ ಬಂದ ನಾದಿನಿ ಅವರ ಎದುರಿಗೇ, "ಅಣ್ಣಂಗೆ ಏನೂ ಗೊತ್ತಾಗಲ್ಲ ಬಿಡಿ ಅತ್ತಿಗೆ" ಅಂದುಬಿಟ್ಟಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಬಾಯಿ ಮುಚ್ಕೊಂಡು ಒಳಗೆ ಹೋಗು" ಅಂದೆ. ಆದರೆ ಅವಳು ಅಂದದ್ದೇ ನನ್ನ ಎದೆಯಲ್ಲೂ ಕೂತಿತ್ತು. ಇವರು ಒಳಗೆ ಇದ್ದಾರೋ ಇಲ್ಲವೋ, ಅಷ್ಟು ತಿಳಿದರೆ ಸಾಕಿತ್ತು ನನಗೆ.

ಸಿಟ್ಟಿನಲ್ಲೇ ಚೀಲ ಎಳೆದು ಹಾಸಿಗೆಯ ಮೇಲೆ ಸುರಿದೆ. ಕೈಗೆ ಸಿಕ್ಕಿದ್ದನ್ನು ಎತ್ತಿ, "ಇದು ಎಲ್ಬೋ, ಅಲ್ವೇನ್ರೀ?" ಅಂದೆ.

ಅವರ ಕಣ್ಣು ಗೋಡೆ ಬಿಟ್ಟು ಇತ್ತ ತಿರುಗಿದವು. ತಲೆ ಅಡ್ಡಡ್ಡ ಆಡಿತು. ಎಡಗೈಯಲ್ಲಿ ಅದನ್ನು ಕಸಿದುಕೊಂಡು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಕಾದರು. ಅದರ ಮೂರು ಬಾಯಿಗಳನ್ನೂ ತಡವಿ ನೋಡಿದೆ.

"ಟೀ?"

ತಲೆ ಹೌದೆಂದಿತು. "ಇದ್ದಾರೆ ಕಣೇ! ಇಲ್ಲೇ ಇದ್ದಾರೆ!" ಅಂತ ಕೂಗಿಕೊಂಡೆ. ನಾದಿನಿ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು. ಇಬ್ಬರೂ ಅತ್ತೆವು.

ಅಂದಿನಿಂದ ದಿನಾ ಪಾಠ. ಮೇಷ್ಟ್ರು ಮೂಕರಾದರೂ ಬಿಗಿ ಕಡಿಮೆಯಾಗಲಿಲ್ಲ. ಹಿಂದೆ ಅವರ ಪಾಠ ಕೇಳಿದ್ದ ಅಕ್ಕಪಕ್ಕದ ಹೆಂಗಸರಿಂದ ಹೆಸರು ಕೇಳಿಕೊಂಡು ಬಂದು ಒಪ್ಪಿಸುತ್ತಿದ್ದೆ. ಸರಿ ಹೇಳಿದ್ದನ್ನು ಮೇಷ್ಟ್ರೇ ಎತ್ತಿ ಚೀಲಕ್ಕೆ ಹಾಕುತ್ತಿದ್ದರು.

ನಿನ್ನೆ ಹಾಸಿಗೆಯ ಮೇಲೆ ಉಳಿದದ್ದು ಒಂದೇ. ಅದರ ನಟ್ ಸಡಿಲಿಸಿದರೆ ಪೈಪು ಕತ್ತರಿಸದೆಯೇ ಬಿಚ್ಚಬಹುದು. ಯೂನಿಯನ್ ಅಂತ ಪಕ್ಕದ ಮನೆಯಾಕೆ ಹೇಳಿಕೊಟ್ಟಿದ್ದಳು. ಹೆಸರು ನಾಲಿಗೆಯ ತುದಿಯಲ್ಲಿತ್ತು. ಅವರು ಅದನ್ನು ನನ್ನ ಕೈಯಲ್ಲಿಟ್ಟು ಕಾದರು. ತುಂಬಿದ ಚೀಲ ಪಕ್ಕದಲ್ಲಿತ್ತು. ಆಗ ನನಗೆ ಹೊಳೆಯಿತು. ತಾವು ಬಿಟ್ಟು ಹೊರಡುವ ಮನೆಯವರಿಗೆ ಮಾತ್ರ ಇವರು ಹೆಸರು ಕಲಿಸುತ್ತಿದ್ದದ್ದು.

"ಕಪ್ಲಿಂಗ್" ಅಂದೆ.

ಅಲ್ಲವೆಂದು ತಲೆಯಾಡಿಸಿ ಮತ್ತೆ ಕೈಗಿಟ್ಟರು.

"ಕಪ್ಲಿಂಗೇ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಹಿಡಿದ ನನ್ನ ಕೈ ಮಾತ್ರ ಬಿಡಲಿಲ್ಲ.

"ನನ್ನ ತಲೆಗೆ ಇದು ಹತ್ತೋದಿಲ್ಲ ಕಣ್ರೀ" ಅಂದೆ. "ನಾಳೆ ಇನ್ನೊಂದ್ಸಲ ಹೇಳಿಕೊಡಿ."