ಜಾಮೂನಿನ ಪಾಕ, ನಿಕ್ಕಲ್ಲಿನ ಹರಳು

ದೀಪಾವಳಿಯ ಜಾಮೂನು ಮುಗಿದ ಮೇಲೆ ಉಳಿದ ಪಾಕವನ್ನು ನನ್ನ ಹೆಂಡತಿ ಸ್ಟೀಲಿನ ಡಬ್ಬಿಗೆ ಸುರಿದು, ಕಪಾಟಿನ ಮೂಲೆಗೆ ತಳ್ಳಿ ಮರೆತಿದ್ದಳು. ಮೊನ್ನೆ ಮುಚ್ಚಳ ತೆಗೆದರೆ ತಳದಲ್ಲಿ ಸಕ್ಕರೆಯ ಹರಳುಗಳು: ನುಣುಪಾದ ಮುಖ, ನೇರ ಅಂಚು, ಶಿಲ್ಪಿಗೂ ಒಲಿಯದ ಕೋನ. "ನೀವು ವರ್ಷವಿಡೀ ಲ್ಯಾಬಲ್ಲಿ ಮಾಡೋಕೆ ಒದ್ದಾಡ್ತಿರೋದು ಇದನ್ನೇ ಅಲ್ವೇನ್ರೀ?" ಎಂದಳು. ಪ್ರಶ್ನೆಯಲ್ಲಿ ದೋಷವಿರಲಿಲ್ಲ, ಮುಹೂರ್ತದಲ್ಲಿತ್ತು. ಆ ವಾರವಷ್ಟೇ ನನ್ನ ಐದನೆಯ ಹರಳು ಹುಟ್ಟುವ ಮೊದಲೇ ನೆಲ ಕಚ್ಚಿತ್ತು.

ಓದುಗ ಮಿತ್ರರೇ, ಹರಳು ಬೆಳೆಸುವುದು ನನ್ನ ಹೊಟ್ಟೆಪಾಡು. ಯಲಹಂಕದಾಚೆಯ ಪ್ರಯೋಗಾಲಯದಲ್ಲಿ ನಾನು ಬೆಳೆಸಬೇಕಾದದ್ದು ಲ್ಯಾಂಥನಮ್ ಬೆರೆತ ನಿಕ್ಕಲ್ ಆಕ್ಸೈಡಿನ ಹರಳು. ಇದನ್ನು ಬಲವಾಗಿ ಅದುಮಿ, ವಿಪರೀತ ತಣ್ಣಗಾಗಿಸಿದರೆ ವಿದ್ಯುತ್ತು ಎಳ್ಳಷ್ಟೂ ಸೋರದೆ ಹರಿಯುತ್ತದೆ. ಏಕೆಂಬುದರ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಅವರ ಜಗಳ ತೀರಬೇಕಾದರೆ ಪುಡಿ ಸಾಲದು, ಅಖಂಡವಾದ ಒಂದು ಹರಳು ಬೇಕು. ಅದಕ್ಕಾಗಿ ಆ ಪುಡಿಯನ್ನೇ ಒತ್ತಿ ಮಾಡಿದ ಎರಡು ಕಪ್ಪು ಸರಳುಗಳನ್ನು ಮೇಲೊಂದು ಕೆಳಗೊಂದು ನಿಲ್ಲಿಸಿ, ಕನ್ನಡಿಗಳಿಂದ ಪ್ರಖರ ಬೆಳಕು ಬೀರಿ ತುದಿಗಳನ್ನು ಕರಗಿಸುತ್ತೇವೆ. ನಡುವೆ ಕೆಂಡದಂಥ ಹನಿಯೊಂದು ಯಾರ ಹಂಗೂ ಇಲ್ಲದೆ ನಿಲ್ಲಬೇಕು, ಸರಳುಗಳು ಆಮೆಯೂ ಆಕಳಿಸುವಷ್ಟು ನಿಧಾನವಾಗಿ ಇಳಿಯಬೇಕು, ಹನಿಯ ಕೆಳಗೆ ಹರಳು ಕಟ್ಟಬೇಕು. ಹನಿ ಬಿದ್ದರೆ ಕಥೆ ಮುಗಿಯಿತು. ನನ್ನಲ್ಲಿ ಉಳಿದದ್ದು ಒಂದೇ ಜೊತೆ ಸರಳು. ಮುಂದಿನ ವಾರ ಈ ಕನ್ನಡಿ ಕುಲುಮೆಯೂ ಬೇರೆ ತಂಡದ ಪಾಲಾಗಲಿತ್ತು.

ಆರನೆಯ ಹನಿ ಕರಗಿ ನಿಂತಿತೋ ಇಲ್ಲವೋ, ಕಾಂಪೌಂಡಿನಾಚೆ ಬೋರ್‌ವೆಲ್ ಲಾರಿ ಗುಡುಗಿತು. ಜಾಗ ಮುನಿಯಪ್ಪನವರದು. ಅವರ ತಂದೆ ರಾಗಿ ಬೆಳೆದ ಹೊಲದಲ್ಲಿ ಅವರೀಗ ಅಪಾರ್ಟ್‌ಮೆಂಟ್ ಬೆಳೆಯುತ್ತಿದ್ದರು. ಎಲ್ಲವನ್ನೂ ಬಿಟ್ಟು ಓಡಿಹೋಗಿ, ಈ ನಡುಕಕ್ಕೇ ನಾನು ಬೆಳೆಸುವುದೆಲ್ಲ ಬಿದ್ದುಹೋಗುತ್ತಿದೆ, ಸಂಜೆವರೆಗೆ ನಿಲ್ಲಿಸಿ ಎಂದು ಅವರಿಗೆ ಕೈಮುಗಿದೆ.

"ಅಂತಾದ್ದೇನ್ ಬೆಳೀತಿದ್ದೀರಾ ಸಾರ್ ಒಳ್ಗೆ?"

"ಹರಳು. ಕಡಲೆಬೇಳೆಯಷ್ಟು."

ಬೆಳೆಯೆಂದರೆ ಅವರಿಗೆ ಈಗಲೂ ಮನಸ್ಸು ಕರಗುತ್ತದೆ. ಲಾರಿಯನ್ನು ನಿಲ್ಲಿಸಿ, ತಾವೂ ಬಂದು, ಹನಿಯನ್ನು ತೋರಿಸುವ ಕುಲುಮೆಯ ಟಿವಿಯೆದುರು ಕುರ್ಚಿ ಎಳೆದುಕೊಂಡು ಕೂತರು. ಹನಿ ಊದಿತೆಂದು ನಾನು ದೀಪದ ಗುಂಡಿ ಇಳಿಸಿದೆ, ಬತ್ತಿತೆಂದು ಏರಿಸಿದೆ. ಅರ್ಧ ಗಂಟೆ ಈ ಸರಸ ನೋಡಿದ ಮುನಿಯಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಸಾರ್, ನೀವು ಆಚೆ ಬಂದಿದ್ದಾಗ ಲಾರಿ ಕುಣೀತಿತ್ತು, ಇದು ಬೀಳ್ಲಿಲ್ಲ. ಈಗ ಲಾರಿ ಸುಮ್ನೈತೆ, ಇದು ಕುಣೀತೈತೆ. ಪೈರನ್ನ ಇಂಗೆ ಗಳಿಗೆಗೊಂದ್ ಸಲ ಕಿತ್ತು ಬೇರು ನೋಡಿದ್ರೆ ಬೆಳೀತದಾ? ಸುಮ್ಕೆ ಕೂತ್ಕಳಿ."

ನಾಚಿಕೆಯಾಯಿತು. ನಿಮ್ಮಲ್ಲಿ ಮುಚ್ಚಿಡುವುದೇನು, ಹಿಂದಿನ ಐದು ಹನಿಗಳು ಬಿದ್ದಾಗ ಆ ಲಾರಿ ನಮ್ಮ ರಸ್ತೆಗೇ ಬಂದಿರಲಿಲ್ಲ. ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತೆ. ಮುನಿಯಪ್ಪ ತಮ್ಮ ಮಗಳ ಮದುವೆಯ ಕಥೆ ಶುರುಮಾಡಿದರು. ಬೀಗರ ಊಟದ ಹೊತ್ತಿಗೆ ಸಂಜೆಯಾಗಿತ್ತು, ಹನಿ ನಿಂತೇ ಇತ್ತು. ತಣಿದ ಸರಳನ್ನು ಒಡೆದಾಗ ಒಳಗೆ ಕಪ್ಪಗೆ ಮಿರುಗುವ ಕಡಲೆಬೇಳೆ! ನನ್ನ ಕಣ್ಣು ತುಂಬಿ ಬಂತು.

"ಇಷ್ಟೇನಾ?" ಎಂದ ಮುನಿಯಪ್ಪ, ನನ್ನ ಮುಖ ನೋಡಿ, "ಆದ್ರೂ ಒಳ್ಳೆ ಫಸಲು ಬಿಡಿ" ಎಂದರು.

ಈ ಜ್ಞಾನೋದಯದ ಬಲದಿಂದ, ಈ ಯುಗಾದಿಯ ಜಾಮೂನಿನ ಪಾಕವನ್ನು ನಾನೇ ಡಬ್ಬಿಗೆ ಸುರಿದು, ಅದೇ ಮೂಲೆಗೆ ತಳ್ಳಿ, ಮರೆತುಬಿಡಲು ಗಟ್ಟಿ ಮನಸ್ಸು ಮಾಡಿದ್ದೇನೆ. ಸರಿಯಾಗಿ ಮರೆತಿದ್ದೇನೆಯೇ ಎಂದು ದಿನಕ್ಕೆರಡು ಸಲ ಮುಚ್ಚಳ ತೆಗೆದು ನೋಡುತ್ತಲೂ ಇದ್ದೇನೆ. ಹರಳು ಇನ್ನೂ ಬಂದಿಲ್ಲ, ಇರುವೆಗಳು ಬಂದಿವೆ.