ಚೀಟಿ ಇಲ್ಲದಿದ್ದರೆ ಬಾಯಿ

ಮೇಷ್ಟ್ರ ಬಲಗಿವಿಯ ಮಡಿಕೆಯಲ್ಲಿ ಸದಾ ಅತ್ತರಿನ ಹತ್ತಿಯುಂಡೆ ಇರುತ್ತಿತ್ತು. ಶಿರಾ ಬಸ್ಸಿಳಿದು ಅವರು ಮೆಟ್ಟಿಲು ಹತ್ತುವ ಮೊದಲೇ ಆ ಪರಿಮಳ ನಮ್ಮ ಕಚೇರಿಗೆ ಬಂದಿರುತ್ತಿತ್ತು.

ಮಕ್ಕಳೇ, ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಿಮ್ಮ ತಾತ ತೀರಿಕೊಂಡ ಮೇಲೆ ಮಧುಗಿರಿಯ ಒಂದು ಕಚೇರಿಯಲ್ಲಿ ನನಗೆ ಟೈಪಿಂಗ್ ಕೆಲಸ ಸಿಕ್ಕಿತ್ತು, ಮೂರು ತಿಂಗಳಿಗೆ ಮಾತ್ರ. ಅಷ್ಟರಲ್ಲಿ ಕಂಪ್ಯೂಟರ್ ಬಂತು. ಕಲಿತರೆ ಉಳಿಯುತ್ತೇನೆ, ಇಲ್ಲವಾದರೆ ಇಬ್ಬರು ಮಕ್ಕಳೊಂದಿಗೆ ಮಿಡಿಗೇಶಿಗೆ ವಾಪಸು. ಕಲಿಸಲು ಬಂದವರೇ ಮೇಷ್ಟ್ರು. ಹಳ್ಳಿ ಶಾಲೆಯಲ್ಲಿ ಓದಿದ ನನಗೋ ಪರರೆದುರು ಮಾತೇ ಹೊರಡದು. ರಜೆ ಬೇಕಾದರೂ, ಅನುಮಾನ ಬಂದರೂ ಚೀಟಿ ಬರೆದು ಅವರ ಮೇಜಿನ ಮೇಲಿಡುತ್ತಿದ್ದೆ. ಅವರು ನಗುತ್ತ ಓದಿ ಬಾಯಲ್ಲೇ ಉತ್ತರ ಕೊಡುತ್ತಿದ್ದರು.

ಊರುಗಳ ಹೆಸರನ್ನು ಅಕ್ಷರಕ್ರಮದಲ್ಲಿ ಜೋಡಿಸಲು ಅವರು ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಸಣ್ಣ ಪಟ್ಟಿ, ಬರೆದಿದ್ದರು. ಅದರ ಹೆಸರು ಹೊಡೆದು, ಪಕ್ಕದಲ್ಲಿ ಪಟ್ಟಿಯ ಫೈಲಿನ ಹೆಸರನ್ನೂ ಹೊಡೆದರೆ ಸಾಕು. ಒಂದು ಬೆಳಿಗ್ಗೆ ನಾನು ಫೈಲಿನ ಹೆಸರು ಹೊಡೆಯುವುದನ್ನೇ ಮರೆತೆ. ಪರದೆ ಮೂಕವಾಯಿತು. ಹಸಿರು ಗೆರೆಯೊಂದೇ ಮಿಣುಕುತ್ತಿತ್ತು. ಅರ್ಧ ಗಂಟೆ ಹಾಗೇ ಕೂತೆ.

“ಏನಮ್ಮಾ, ಮಿಷನ್ನ ಕೊಂದ್ಬುಟ್ಟಾ? ಸಾಹೇಬ್ರು ಬರ್ಲಿ, ಐತೆ ನಿಂಗೆ,” ಎಂದ ಪಕ್ಕದ ಗುಮಾಸ್ತ.

‘ಕೆಟ್ಟಿದೆ’ ಎಂದು ಚೀಟಿ ಬರೆದು ಮೇಷ್ಟ್ರ ಕೈಗಿಟ್ಟೆ. ಅವರು ಪರದೆ ನೋಡಿ ಹೊಟ್ಟೆ ಹಿಡಿದು ನಕ್ಕರು.

“ಅರೆ ಬೇಟಿ, ಕೆಟ್ಟಿಲ್ಲ ಕಣಮ್ಮ! ನೀನು ಫೈಲ್ ಕೊಡ್ಲಿಲ್ಲ, ಅದ್ಕೇ ನಿನ್ ಬಾಯಿ ನೋಡ್ಕಂಡು ಕೂತೈತೆ. ಫೈಲೇ ಅದ್ಕೆ ಚೀಟಿ. ಚೀಟಿ ಇಲ್ದಿದ್ರೆ ಬಾಯಲ್ಲೇ ಹೇಳು ಅಂತೈತೆ. ಹೊಡಿ, ನಿಮ್ಮೂರ ಹೆಸ್ರು.”

ಮಿಡಿಗೇಶಿ ಎಂದು ಹೊಡೆದೆ. ಆಮೇಲೆ ನಾಗಲಮಡಿಕೆ, ಕೊರಟಗೆರೆ. ಗೆರೆ ಸುಮ್ಮನೆ ಕೆಳಗಿಳಿಯಿತು, ಅಷ್ಟೇ.

“ಇನ್ನೂ ಕಾಯ್ತಾ ಐತೆ. ಮಾತು ಮುಗೀತು ಅಂತ ಹೇಳ್ಬೇಕಲ್ಲ? ಕಂಟ್ರೋಲ್ ಒತ್ತಿ ಹಿಡ್ಕೊ, ಡಿ ಹೊಡಿ.”

ಹೊಡೆದೆ. ಕೊರಟಗೆರೆ ಮುಂದಾಗಿ ಮೂರೂ ಊರು ಸಾಲಾಗಿ ನಿಂತವು.

ಅಷ್ಟರಲ್ಲಿ ಗುಮಾಸ್ತನಿಂದ ಸುದ್ದಿ ತಿಳಿದ ಕಚೇರಿಯ ಸಾಹೇಬರು ಬಂದರು. “ಮಿಷನ್ ಕೆಡಿಸಿದ್ದು ಯಾರು?” ನನ್ನ ಕೈ ಪೆನ್ನಿನತ್ತ ಹೋಯಿತು. ಮೇಷ್ಟ್ರು ನನ್ನ ಖಾಲಿ ಚೀಟಿಗಳ ಕಟ್ಟನ್ನು ಸದ್ದಿಲ್ಲದೆ ತಮ್ಮ ಜೇಬಿಗೆ ಇಳಿಸಿಬಿಟ್ಟರು. ಬೇರೆ ದಾರಿಯಿರಲಿಲ್ಲ, ಎದ್ದು ನಿಂತೆ.

“ಕೆಟ್ಟಿಲ್ಲ ಸಾರ್. ನಾನ್ ಹೇಳ್ಲಿ ಅಂತ ಕಾಯ್ತಿತ್ತು.”

ಫೈಲು ಕೊಟ್ಟು ಒಮ್ಮೆ, ಹೆಸರುಗಳನ್ನು ನಾನೇ ಹೊಡೆದು ಒಮ್ಮೆ, ಎರಡು ಬಗೆಯಲ್ಲೂ ಮಾಡಿ ತೋರಿಸಿದೆ. ಕೆಲಸ ಉಳಿಯಿತು. ನಿಮ್ಮಪ್ಪ ಓದಿದ್ದು ಅದರಿಂದಲೇ.

ಮೇಷ್ಟ್ರು ತೀರಿಕೊಂಡಾಗ ಶಿರಾದ ಅವರ ಮನೆಗೆ ಹೋದೆ. ಅವರ ಹೆಂಡತಿಗೆ ಹೇಳಬೇಕಾದ್ದನ್ನು ಬಸ್ಸಿನಲ್ಲೇ ಬರೆದುಕೊಂಡಿದ್ದೆ. ಬಾಗಿಲಲ್ಲೇ ಅತ್ತರಿನ ವಾಸನೆ ಮುಖಕ್ಕೆ ಬಂತು. ಚೀಟಿ ಸೆರಗಿನ ಗಂಟಿನಲ್ಲೇ ಉಳಿಯಿತು. ಆಕೆಯ ಕೈ ಹಿಡಿದು ಎಲ್ಲವನ್ನೂ ಬಾಯಲ್ಲೇ ಹೇಳಿದೆ. ನನ್ನ ಮಾತು ಮುಗಿಯುವವರೆಗೂ ಆಕೆ ಕಾದರು.